ವೈರಿಯ ಬಾಯಿಂದ ಬಂದ ಕೀರ್ತಿ

ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಆಂಗ್ಲರೊಡನೆ ಕಾದಿ ಮಡಿದ ಸಂಗತಿಯು ನಮ್ಮ ಭಾಗದ ವಾಚಕರಿಗೆ ಹೊಸತಲ್ಲ. ಅವರ ಮೇಲೆ ಕಟ್ಟಿದ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವರು ಆಂಗ್ಲ ಸರಕಾರದ ಅಧಿಕಾರಿಗಳೇ ಆದ ಫ್ಲೀಟ್ ಸಾಹೇಬರು. ಸೋತವರ ಶೌರ್ಯವನ್ನು ಗೆದ್ದವರ ಪಕ್ಷದವರೇ ಕಾಯ್ದಿಟ್ಟಂತಾಯಿತು. ಇದನ್ನು ಹೋಲುವ ಇನ್ನೊಂದು ಸಂಗತಿಯು ಕನ್ನಡನಾಡಿನ ವೀರ ವೈಮಾನಿಕರೊಬ್ಬರ ಚರಿತ್ರೆಯಲ್ಲಿ ದೊರೆಯುತ್ತದೆ.

ಅಜ್ಜಮಾಡ ಬೋಪಯ್ಯ ದೇವಯ್ಯನವರು ಕೊಡಗಿನ ಮನೆತನದವರು. 1932ನೆಯ ಡಿಸೆಂಬರ 24ರಂದು ಜನಿಸಿ, 1954ರಲ್ಲಿ ಭಾರತದ ವಾಯುಪಡೆಯನ್ನು ಸೇರಿದರು. 1965ರ ಯುದ್ಧಕಾಲಕ್ಕೆ ಅವರು ಸ್ಕ್ವಾಡ್ರನ್ ಲೀಡರ ಪದವಿಗೇರಿ, ಪಂಜಾಬದ ಆದಂಪುರದಲ್ಲಿದ್ದ ಮೊದಲನೆಯ ಸ್ಕ್ವಾಡ್ರನ್ನಿನಲ್ಲಿದ್ದರು.

ಆ ಸಪ್ಟೆಂಬರ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟದ ನೆಲೆಯ ಮೇಲೆ ಎರಗಿದ್ದವು. ಮರುದಿನ ಬೆಳಗು ಹರಿಯುವ ಮೊದಲೇ ವಿಂಗ್ ಕಮಾಂಡರ ತನೇಜಾ ಅವರ ಮುಂದಾಳುತನದಲ್ಲಿ ಮಿಸ್ಟೇರ್ ವಿಮಾನಗಳು ಸುಮಾರು 300 ಕಿಲೋಮೀಟರ ದೂರದ ಸರಗೋಧಾ ನೆಲೆಯತ್ತ ಹೊರಟವು. ದೇವಯ್ಯನವರು ಕಾದಿರಿಸಿದ ವೈಮಾನಿಕರಾಗಿದ್ದರು. ಒಂದು ವಿಮಾನವು ಹಿಂದುಳಿದುದರಿಂದ ಆ ಸ್ಥಾನವು ಅವರ ಪಾಲಿಗೆ ಬಂದಿತು.

ದಾಳಿಯು ಮುಗಿದು ತಂಡವು ಮರಳಿತು, ದೇವಯ್ಯನವರು ಮರಳಲಿಲ್ಲ. ಅವರಿಗೆ ಏನಾಯಿತೆಂಬುದನ್ನು ಜೊತೆಯವರಾರೂ ಕಂಡಿರಲಿಲ್ಲ. ಕಾಣೆಯಾದವರೆಂದು ಹೆಸರು ಬರೆಯಲ್ಪಟ್ಟಿತು. ಮನೆಯವರಿಗೆ ಉಳಿದುದು ವರ್ಷಗಳ ಮೌನವೊಂದೇ.

1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದ ವಾಯುಯುದ್ಧವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಸರಗೋಧಾದಿಂದ ಹಿಂದಿರುಗುತ್ತಿದ್ದ ಒಂದು ಮಿಸ್ಟೇರನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರು ಎಫ್-104 ಸ್ಟಾರ್‌ಫೈಟರಿನಲ್ಲಿ ಬೆನ್ನಟ್ಟಿ ಗುಂಡಿನಿಂದ ಹೊಡೆದಿದ್ದರೆಂದೂ, ಪೆಟ್ಟು ತಿಂದ ಆ ವಿಮಾನವೇ ತಿರುಗಿ ಬಿದ್ದು ಕಾದಿತೆಂದೂ, ಕಡೆಗೆ ಹುಸೇನರು ತಮ್ಮ ವಿಮಾನವನ್ನು ಬಿಟ್ಟು ಛತ್ರಿಯಿಂದಿಳಿದು ಬದುಕಿದರೆಂದೂ ಅದರಿಂದ ತಿಳಿದುಬಂದಿತು. ಆ ಮಿಸ್ಟೇರಿನವರು ದೇವಯ್ಯನವರಲ್ಲದೆ ಬೇರೆಯವರಾಗಿರಲು ಸಾಧ್ಯವಿರಲಿಲ್ಲ.

ಈ ಕಾಳಗದ ವೈಷಮ್ಯವನ್ನು ವಾಚಕರು ಗಮನಿಸಬೇಕು. ಅಮೇರಿಕೆಯ ಸ್ಟಾರ್‌ಫೈಟರು ಶಬ್ದಕ್ಕಿಂತ ಇಮ್ಮಡಿ ವೇಗದಿಂದ ಹಾರಬಲ್ಲುದು. ಫ್ರೆಂಚರ ಮಿಸ್ಟೇರು ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದು. ಓಡಿ ಪಾರಾಗುವ ಆಸೆಯು ಇರಲಿಲ್ಲ. ನೆಲಕ್ಕೆ ಸಮೀಪದಲ್ಲಿ ಬಿಗಿಯಾದ ಸುತ್ತು ಹಾಕಬಲ್ಲ ಗುಣವೊಂದೇ ಮಿಸ್ಟೇರಿನ ಬಲವು. ಅಷ್ಟು ದೂರದಲ್ಲಿ ಕಾದಾಡಿದರೆ ಮರಳುವುದಕ್ಕೆ ಇಂಧನವು ಸಾಲುವುದೇ ದುರ್ಲಭ. ಇದನ್ನು ಬಲ್ಲ ನುರಿತ ವೈಮಾನಿಕರು ಬೆನ್ನು ತೋರಿಸದೆ ತಿರುಗಿ ನಿಂತರು. ಆಗ ಅವರ ವಯಸ್ಸು 32.

1988ರಲ್ಲಿ, ಅಂದರೆ 23 ವರ್ಷಗಳ ತರುವಾಯ, ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಅರ್ಪಿಸಿತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು.

ಸಾಕ್ಷಿಯಿದ್ದೆಡೆಯಲ್ಲಿ ಧೈರ್ಯವು ಅಷ್ಟು ಕಠಿಣವಲ್ಲ. ನೋಡುವವರ ಕಣ್ಣೇ ಕೈಗೆ ಬಲವನ್ನು ಕೊಡುತ್ತದೆ. ತನ್ನವರಾರೂ ಕಾಣದ ಆಗಸದಲ್ಲಿ ದೇವಯ್ಯನವರು ಮಾಡಿದುದು ಕೀರ್ತಿಗಾಗಿ ಮಾಡಿದುದಲ್ಲ. ಎದುರಾಳಿಯ ಕಡೆಯ ಮಾತು ಹೊರಬಾರದಿದ್ದಲ್ಲಿ ಅದು ಇಂದಿಗೂ ನಮಗೆ ಅಜ್ಞಾತವಾಗಿಯೇ ಉಳಿಯುತ್ತಿತ್ತು. ಹಲಗಲಿಯ ಲಾವಣಿಯನ್ನು ಕೇಳುತ್ತ ಬೆಳೆದ ನಾವು ಇದನ್ನು ಮರೆಯಲಾಗದು: ಇತಿಹಾಸವನ್ನು ಬರೆಯುವವನು ತನ್ನ ಪಕ್ಷದ ಕಾಗದಗಳನ್ನು ಮಾತ್ರ ಓದಿದರೆ, ತನ್ನ ವೀರರನ್ನೂ ಪೂರ್ಣವಾಗಿ ಅರಿಯಲಾರನು.