ಫುಟ್‌ಪಾತಿನ ಮೇಲೊಂದು ಟೆಲಿಸ್ಕೋಪು

ಬೇಸಿಗೆ ಸಂಜೆ ಮಕ್ಕಳಿಗೆ ನಕ್ಷತ್ರ ತೋರಿಸೋಣ ಅಂತ ಟೆಲಿಸ್ಕೋಪು ಹುಡುಕಿದವರಿಗೆಲ್ಲ 'ಡಾಬ್ಸೋನಿಯನ್' ಅನ್ನೋ ಹೆಸರು ಎದುರಾಗೇ ಆಗುತ್ತೆ. ಅದು ಕಂಪನಿ ಹೆಸರಲ್ಲ ಸ್ವಾಮಿ, ಒಬ್ಬ ಸನ್ಯಾಸಿಯ ಹೆಸರು! ಈ ಪುಣ್ಯಾತ್ಮರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ.

ಜಾನ್ ಡಾಬ್ಸನ್ ಹುಟ್ಟಿದ್ದು 1915ರಲ್ಲಿ, ಚೀನಾದ ಬೀಜಿಂಗಿನಲ್ಲಿ. ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿ, 1944ರಲ್ಲಿ ಅಲ್ಲಿನ ವೇದಾಂತ ಸೊಸೈಟಿಯ ಮಠ ಸೇರಿದರು. ಹೌದು, ನಮ್ಮ ರಾಮಕೃಷ್ಣ ಪರಂಪರೆಯ ಮಠವೇ.

ಸನ್ಯಾಸಿ ಕೈಯಲ್ಲಿ ದುಡ್ಡೆಲ್ಲಿ? ಹಡಗಿನ ಕಿಟಕಿಯ ಹಳೇ ದಪ್ಪ ಗಾಜು ತಂದು ತಾವೇ ಕನ್ನಡಿ ಮಾಡಿಕೊಂಡರು. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ ಗಂಧ ತೇಯ್ದ ಹಾಗೆ ತೇಯ್ತಾ ಇದ್ರೆ ಮೇಲಿನದು ನಿಧಾನಕ್ಕೆ ಬಟ್ಟಲಿನಂತೆ ತಗ್ಗಾಗುತ್ತೆ. ಆಮೇಲೆ ನುಣುಪು ಮಾಡಿ ಅಲ್ಯೂಮಿನಿಯಂ ಲೇಪ ಕೊಟ್ಟರೆ ಕನ್ನಡಿ ರೆಡಿ.

1958ರಲ್ಲಿ ಅವರನ್ನ ಸ್ಯಾಕ್ರಮೆಂಟೋ ಮಠಕ್ಕೆ ಕಳಿಸಿದರು. ಅಲ್ಲಿ ಟೆಲಿಸ್ಕೋಪಿಗೆ ಗಾಲಿ ಹಾಕಿ ಬೀದಿಗೆ ತಳ್ಕೊಂಡು ಬರೋರು, ಅಕ್ಕಪಕ್ಕದ ಮಕ್ಕಳೆಲ್ಲ ಮುತ್ತಿಕೊಳ್ಳೋರು. ಮಠದಲ್ಲಿ ಈ ಓಡಾಟ ಹಿಡಿಸಲಿಲ್ಲ. 1967ರಲ್ಲಿ, ಇಪ್ಪತ್ತಮೂರು ವರ್ಷ ಇದ್ದ ಮಠ ಬಿಡಬೇಕಾಯ್ತು. ವಯಸ್ಸು ಐವತ್ತು ದಾಟಿತ್ತು, ಕೈ ಖಾಲಿ...

ಮತ್ತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಅದೇ ಕೆಲಸ ಹಿಡಿದರು. ಅಲ್ಲೊಬ್ಬ ಹುಡುಗ ಸ್ವಂತ ಟೆಲಿಸ್ಕೋಪು ಮಾಡಿಕೊಂಡಿದ್ದ, ಆದರೆ ವಯಸ್ಸು ಸಾಲದು ಅಂತ ಊರಿನ ಖಗೋಳ ಕ್ಲಬ್ಬಿಗೆ ಸೇರೋ ಹಾಗಿರಲಿಲ್ಲ. ಸರಿ, 1968ರಲ್ಲಿ ಡಾಬ್ಸನ್ ಮತ್ತು ಹುಡುಗರು ಸೇರಿ ತಮ್ಮದೇ 'ಸೈಡ್‌ವಾಕ್ ಅಸ್ಟ್ರಾನಮರ್ಸ್' ಶುರು ಮಾಡಿದರು. ಫುಟ್‌ಪಾತಿನಲ್ಲಿ ಟೆಲಿಸ್ಕೋಪು ಇಟ್ಟು ದಾರೀಲಿ ಹೋಗೋರನ್ನ ಕರೆದು ಚಂದ್ರನನ್ನ, ಶನಿಯ ಬಳೆಯನ್ನ ತೋರಿಸೋದು, ಅಷ್ಟೇ. ಬೇಸಿಗೆಯಲ್ಲಿ ಆ ಊರಿಗೆ ಮಂಜು ಕವಿಯುತ್ತೆ, ಹಾಗಾಗಿ ಗುಂಪು ಕಟ್ಟಿಕೊಂಡು ಯೋಸೆಮಿಟಿಯಂಥ ನ್ಯಾಷನಲ್ ಪಾರ್ಕುಗಳಿಗೆ ಹೋಗೋರು.

ಆಗ ದೊಡ್ಡ ಟೆಲಿಸ್ಕೋಪು ಅಂದ್ರೆ ಧ್ರುವದ ಕಡೆ ಅಕ್ಷ ಹೊಂದಿಸೋ ಭಾರೀ ಲೋಹದ ಸ್ಟ್ಯಾಂಡು, ಜೇಬಿಗೆ ಕತ್ತರಿ. ಡಾಬ್ಸನ್ ಕಾಂಕ್ರೀಟ್ ಕಂಬ ಎರಕ ಹೊಯ್ಯೋ ರಟ್ಟಿನ ಕೊಳವೆಗೆ ಕನ್ನಡಿ ಕೂರಿಸಿ, ಪ್ಲೈವುಡ್ ಪೆಟ್ಟಿಗೆಗೆ ಟೆಫ್ಲಾನ್ ತುಂಡು ಬಡಿದರು. ಫಿರಂಗಿ ಥರ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಕೈಯಲ್ಲೇ ತಿರುಗಿಸಬಹುದು. ನಕ್ಷತ್ರದ ಹಿಂದೆ ತಾನಾಗೇ ಚಲಿಸಲ್ಲ ನಿಜ, ಆದರೆ ಮಗು ಕೂಡ ಬೆರಳಲ್ಲಿ ತಳ್ಳಬಹುದು. ಪೇಟೆಂಟ್ ಮಾಡಿಸಲಿಲ್ಲ, ಕೇಳಿದವರಿಗೆಲ್ಲ ಹೇಳಿಕೊಟ್ಟರು. 'ಓಪನ್ ಸೋರ್ಸ್' ಅನ್ನೋ ಪದ ಹುಟ್ಟಿದ್ದು 1998ರಲ್ಲಿ. ಈ ಸನ್ಯಾಸಿ ಅದನ್ನ ಮೂವತ್ತು ವರ್ಷ ಮುಂಚೆಯೇ ಮಾಡಿ ತೋರಿಸಿದ್ದರು!

2014ರ ಜನವರಿಯಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಟೆಲಿಸ್ಕೋಪಿನ ದೊಡ್ಡಸ್ತಿಕೆ ಕನ್ನಡಿಯ ಅಳತೆಯಲ್ಲಿಲ್ಲ, ಎಷ್ಟು ಜನ ಅದರಲ್ಲಿ ನೋಡಿದರು ಅನ್ನೋದ್ರಲ್ಲಿದೆ ಅಂತಿದ್ದರು.

ನಿಮ್ಮ ಮನೆ ಅಟ್ಟದ ಮೇಲೆ ಟೆಲಿಸ್ಕೋಪು ಧೂಳು ತಿನ್ನುತ್ತಿದ್ದರೆ ಈ ಬೇಸಿಗೆ ಗೇಟಿನಾಚೆ ತಂದಿಡಿ. ಚಂದ್ರನ ಕುಳಿಗಳನ್ನ ನೋಡೋಕೆ ಬೆಂಗಳೂರಿನ ಬೀದಿದೀಪವೂ ಅಡ್ಡಿ ಇಲ್ಲ. ಪಕ್ಕದ ಮನೆ ಮಕ್ಕಳು ತಾವಾಗೇ ಬರ್ತಾರೆ :)