ಕಣ್ಣಿಗೆ ಚುಚ್ಚುವ ಎವೆಗೂದಲು: ಒಂದು ಹಳೆಯ ಕಾಯಿಲೆಯ ಇತಿಹಾಸ



ಎವೆಗೂದಲು ಒಳಗೆ ತಿರುಗಿ ಕಣ್ಣಿಗೆ ಚುಚ್ಚಿದರೆ ಚಿಮಟದಿಂದ ಕೀಳುವುದು ನಮ್ಮ ಕಡೆಯ ರೂಢಿ. ಅದರಿಂದ ಗುಣವಾಗುತ್ತದೆಯೇ? ಇತಿಹಾಸ ನೋಡೋಣ.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಈ ಕಾಯಿಲೆಯ ಹೆಸರು 'ಪಕ್ಷ್ಮಕೋಪ'. ರೆಪ್ಪೆಯ ಚರ್ಮವನ್ನು ಜವೆಗೋಧಿ ಕಾಳಿನ ಆಕಾರದಲ್ಲಿ ಕತ್ತರಿಸಿ, ಕೂದಲಿನಿಂದ ಹೊಲಿಯಬೇಕೆಂದು ಅಲ್ಲಿ ಹೇಳಿದೆ. ಚರ್ಮ ಬಿಗಿದಾಗ ಎವೆಗಳು ಹೊರಕ್ಕೆ ತಿರುಗುತ್ತವೆ. ಇಂದಿನ ಶಸ್ತ್ರಚಿಕಿತ್ಸೆಯ ಗುರಿಯೂ ಇದೇ.

ಇದಕ್ಕೆ ಒಂದು ಮುಖ್ಯ ಕಾರಣ ಟ್ರಕೋಮಾ ಎಂಬ ಸೋಂಕು. ಕೈ, ಬಟ್ಟೆ, ನೊಣಗಳಿಂದ ಮಕ್ಕಳಿಗೆ ಮತ್ತೆ ಮತ್ತೆ ತಗಲಿ, ರೆಪ್ಪೆಯ ಒಳಗೆ ಗಾಯದ ಕಲೆ ಉಳಿಯುತ್ತದೆ. ವರ್ಷಗಳ ನಂತರ ರೆಪ್ಪೆ ಒಳಗೆ ಮಡಚಿ, ಎವೆಗಳು ಕರಿಗುಡ್ಡೆಯನ್ನು ಉಜ್ಜುತ್ತವೆ. ಕೊನೆಗೆ ದೃಷ್ಟಿಯೇ ಹೋಗಬಹುದು.

ಬುಧಗಾಂವದ ಪಕ್ಕದ ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಅವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೂ ಹೆಸರಾದರು. ಆದರೆ ಟ್ರಕೋಮಾವನ್ನು ಶಸ್ತ್ರಚಿಕಿತ್ಸೆಯೊಂದೇ ಸೋಲಿಸಲಾರದು. ಭಾರತ ಸರಕಾರ 1963ರಲ್ಲಿ ರಾಷ್ಟ್ರೀಯ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಔಷಧಿ, ನೀರು, ಸ್ವಚ್ಛತೆ ಎಲ್ಲ ಸೇರಿ ಕೆಲಸ ಮಾಡಿದವು. 2024ರಲ್ಲಿ, ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಿತ್ತ ಎವೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮುರಿದ ತುದಿ ಇನ್ನೂ ಹೆಚ್ಚು ಚುಚ್ಚುತ್ತದೆ. ಆದ್ದರಿಂದ ಮನೆಯಲ್ಲಿ ಅಜ್ಜ-ಅಜ್ಜಿಯರ ಕಣ್ಣು ಕೆಂಪಾಗಿ, ಸದಾ ನೀರು ಸುರಿಯುತ್ತಿದ್ದರೆ ಚಿಮಟ ಬಿಡಿ, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಕ್ಕಳೇ, ನೀವು ದಿನಾಲೂ ಮುಖ ತೊಳೆಯಿರಿ, ಒಬ್ಬರ ಟವೆಲ್ ಇನ್ನೊಬ್ಬರು ಬಳಸಬೇಡಿರಿ.