ಕ್ಯಾಮೆರಾ ಒಳಗೊಂದು ಪೆನ್ ಡ್ರೈವ್ ಇತ್ತು

ಮುಂಬೈ, ಪುಣೆ, ದೆಹಲಿ, ಎಲ್ಲೇ ಇರಿ, ಒಮ್ಮೆ ನಿಮ್ಮ ಫೋನಿನ ಫೈಲ್ ಮ್ಯಾನೇಜರ್ ತೆರೆದು ನೋಡಿ. ಡಿಸಿಐಎಂ ಅಂತ ಒಂದು ಫೋಲ್ಡರ್ ಇರುತ್ತೆ. ಡಿಜಿಟಲ್ ಕ್ಯಾಮೆರಾ ಇಮೇಜಸ್ ಅಂತ ಅದರ ಅರ್ಥ. 1998ರಲ್ಲಿ ಜಪಾನಿನ ಉದ್ಯಮ ಸಂಘವೊಂದು ರೂಪಿಸಿದ ಡಿಸಿಎಫ್ ನಿಯಮದಿಂದ ಬಂದ ಹೆಸರು ಅದು. ಇವತ್ತಿನ ಮಾತು ಆ ಕಾಲದ್ದು.

1997ರಲ್ಲಿ ಸೋನಿ ಕಂಪನಿ ಫ್ಲಾಪಿ ಹಾಕುವ ಮಾವಿಕಾ ಕ್ಯಾಮೆರಾ ತಂತು. ನಮಗೆಲ್ಲ ಗೊತ್ತಿದ್ದ ಅದೇ ಮೂರೂವರೆ ಇಂಚಿನ, 1.44 ಎಂಬಿ ಫ್ಲಾಪಿ. ಫೋಟೊ ತೆಗಿ, ಫ್ಲಾಪಿ ಕಿತ್ತು ಕಂಪ್ಯೂಟರಿಗೆ ಹಾಕು, ಅಷ್ಟೇ. ಆಮೇಲೆ ಫ್ಲಾಪಿ ಜಾಗಕ್ಕೆ ಮೆಮೊರಿ ಕಾರ್ಡ್ ಬಂತು. 1994ರ ಕಾಂಪ್ಯಾಕ್ಟ್ ಫ್ಲ್ಯಾಶ್, 1999ರ ಎಸ್‌ಡಿ. ಕಾರ್ಡ್‌ಗಳ ಒಳಗಿನ ಲೆಕ್ಕಪುಸ್ತಕ ಮಾತ್ರ ಹಳೆಯದೇ: 1977ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಹುಟ್ಟಿದ ಫ್ಯಾಟ್. ಕಾರ್ಡಿಗೆ ಫೋಟೊ ಯಾವುದು, ಪತ್ರ ಯಾವುದು ಅನ್ನೋದು ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಬ್ಲಾಕ್ ನಂಬರ್ ಮಾತ್ರ.

ಯುಎಸ್‌ಬಿ ಮಾಸ್ ಸ್ಟೋರೇಜ್ ಬಂದಮೇಲೆ ಕಾರ್ಡ್ ಕೀಳೋ ಕೆಲಸವೂ ತಪ್ಪಿತು. ವಿಂಡೋಸ್ 98ಕ್ಕೆ ಡ್ರೈವರ್ ಸಿಡಿ ಬೇಕಿತ್ತು. ವಿಂಡೋಸ್ 2000 ಮತ್ತು ಎಂಇಗೆ ಬೇಕಾಗಲಿಲ್ಲ. ಒಲಿಂಪಸ್, ನಿಕಾನ್ ಕ್ಯಾಮೆರಾಗಳನ್ನು ಕೇಬಲ್‌ಗೆ ಸಿಕ್ಕಿಸಿದ್ರೆ ಸಾಕು, ಹೊಸ ಡ್ರೈವ್ ಅಕ್ಷರ ಕಾಣಿಸಿಕೊಳ್ತಿತ್ತು. ಅದರೊಳಗೆ ವರ್ಡ್ ಫೈಲ್ ಹಾಕಿದ್ರೂ ಬೇಡ ಅಂತಿರಲಿಲ್ಲ. 2000ದ ಕೊನೆಗೆ ಬಂದ ಐಬಿಎಂ ಪೆನ್ ಡ್ರೈವ್‌ನ ಸಾಮರ್ಥ್ಯ 8 ಎಂಬಿ. ಕ್ಯಾಮೆರಾ ಇದ್ದವರಿಗೆ ಪೆನ್ ಡ್ರೈವ್ ಬೇರೆ ಯಾಕೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ.

ಆದ್ರೆ ಒಂದು ತೊಡಕಿತ್ತು. ಡಿಸಿಎಫ್ ಪ್ರಕಾರ ಹೆಸರಿಲ್ಲದ ಫೈಲನ್ನು ಕ್ಯಾಮೆರಾ ತೋರಿಸೋದೇ ಇಲ್ಲ. ನನ್ನ ಎಂಟೆಕ್ ದಿನಗಳಲ್ಲಿ ಗೆಳತಿಯೊಬ್ಬಳು ತನ್ನ ಪ್ರಬಂಧದ ಕರಡನ್ನು ಕ್ಯಾಮೆರಾದಲ್ಲೇ ಊರಿಗೆ ಒಯ್ದಿದ್ದಳು. ಮದುವೆ ಮನೆಯಲ್ಲಿ ಅವಳ ತಮ್ಮ ಕ್ಯಾಮೆರಾ ಆನ್ ಮಾಡಿದ. ಚಿತ್ರಗಳಿಲ್ಲ ಅಂತ ಬಂತು. ಖಾಲಿ ಕಾರ್ಡ್ ಅಂದುಕೊಂಡು ಫಾರ್ಮ್ಯಾಟ್ ಒತ್ತಿ ಫೋಟೊ ಹೊಡೆಯಲು ಶುರು ಮಾಡಿದ. ಸಾಮಾನ್ಯವಾಗಿ ಫಾರ್ಮ್ಯಾಟ್ ಅಳಿಸೋದು ಲೆಕ್ಕಪುಸ್ತಕವನ್ನು, ಮಾಹಿತಿಯನ್ನಲ್ಲ. ಫೋಟೊರೆಕ್ ಎಂಬ ತಂತ್ರಾಂಶದಿಂದ ಹುಡುಕಿದಾಗ ಹೆಚ್ಚಿನ ಅಧ್ಯಾಯಗಳು ಹೆಸರಿಲ್ಲದೆ ವಾಪಸ್ ಬಂದವು. ಮದುವೆ ಫೋಟೊಗಳು ಹೋಗಿ ಕೂತ ಜಾಗದಲ್ಲಿದ್ದ ಎರಡು ಅಧ್ಯಾಯಗಳು ಮಾತ್ರ ಬರಲಿಲ್ಲ. ಅವಳು ಅವನ್ನು ಮತ್ತೆ ಬರೆದಳು.

ಇನ್ನೊಂದು ದಾರಿಯೂ ಇತ್ತು, ಪಿಟಿಪಿ. ಕ್ಯಾನನ್ ಆ ದಾರಿ ಹಿಡಿಯಿತು. ಇಲ್ಲಿ ಕಂಪ್ಯೂಟರಿಗೆ ಡಿಸ್ಕ್ ಕಾಣಲ್ಲ. ಕ್ಯಾಮೆರಾವನ್ನು ಕೇಳಿ ಫೋಟೊ ಪಡೆಯಬೇಕು. ಇದಕ್ಕೆ ಕಾರಣವಿದೆ. ಒಂದೇ ಲೆಕ್ಕಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆದ್ರೆ ಲೆಕ್ಕ ಕೆಡುತ್ತೆ. ಆಂಡ್ರಾಯ್ಡ್ ಕೂಡ 2011ರ ಹೊತ್ತಿಗೆ ಪಿಟಿಪಿಯ ಸಂಬಂಧಿ ಎಂಟಿಪಿಯತ್ತ ಹೊರಳಿತು. ಐಫೋನನ್ನು ವಿಂಡೋಸ್‌ಗೆ ಜೋಡಿಸಿ ನೋಡಿ, ಫೋಟೊಗಳ ಫೋಲ್ಡರ್ ಕಾಣುತ್ತೆ, ಆದ್ರೆ ಅದರೊಳಗೆ ನಿಮ್ಮ ವರ್ಡ್ ಫೈಲ್ ಹಾಕೋಕಾಗಲ್ಲ. ದುಡ್ಡು ಕೊಟ್ಟು 256 ಜಿಬಿ ಕೊಂಡಿರ್ತೀವಿ, ಅದರಲ್ಲಿ ಏನಿಡಬೇಕು ಅನ್ನೋದನ್ನ ಫೋನ್ ಹೇಳುತ್ತೆ. ಸುರಕ್ಷತೆ ಹೆಚ್ಚಿತು, ನಿಜ. ಯಜಮಾನಿಕೆ ಸ್ವಲ್ಪ ಕೈತಪ್ಪಿತು ಅನ್ನೋದೂ ನಿಜ.

ಕೊನೆಗೆ ಒಂದು ಮಾತು. ಹಳೇ ಕ್ಯಾಮೆರಾವನ್ನು ಗುಜರಿಗೆ ಹಾಕೋ ಮುಂಚೆ ಕಾರ್ಡನ್ನು ರೀಡರ್‌ಗೆ ಹಾಕಿ ನೋಡಿ. ಚಿತ್ರಗಳಿಲ್ಲ ಅಂತ ಪರದೆ ಹೇಳಿದ್ರೆ ನಂಬಬೇಡಿ. ಯಾರದೋ ಅಂಕಪಟ್ಟಿ, ಅಪ್ಪನ ಬ್ಯಾಂಕ್ ಪತ್ರ ಇರಬಹುದು. ಮಾರೋದಾದ್ರೆ ಫಾರ್ಮ್ಯಾಟ್ ಸಾಲದು, ಪೂರ್ತಿ ಅಳಿಸೋ ತಂತ್ರಾಂಶ ಬಳಸಿ.

ಮುಂದಿನ ವಾರ ಸಿಗೋಣ.